ಎರಡು ಬೆರಳು, ಮೂರು ಬೆರಳು: ಒಂಬತ್ತನೇ ತರಗತಿಯಲ್ಲಿ ರಷ್ಯಾದ ಪಾಠ

ಈ ಸಲದ ಅಭ್ಯಾಸ ಬೋಧನೆಯಲ್ಲಿ ಇತಿಹಾಸ ಬೋಧನಾ ವಿಧಾನದ ಪ್ರಶಿಕ್ಷಣಾರ್ಥಿಗಳಿಗೆ ಒಂದು ಪೂರಕ ಘಟಕ ಕಡ್ಡಾಯವಾಗಿತ್ತು. ಪಠ್ಯಪುಸ್ತಕದಲ್ಲಿ ಇಲ್ಲದ, ಆದರೆ ಅದರ ಯಾವುದಾದರೂ ಪಾಠಕ್ಕೆ ಹೊಂದಿಕೊಳ್ಳುವ ವಿಷಯವನ್ನು ಮೂರು ಅವಧಿಗಳಲ್ಲಿ ಬೋಧಿಸಿ ವರದಿ ಒಪ್ಪಿಸಬೇಕು. ‘ಆರಂಭಿಕ ಆಧುನಿಕ ಯುಗದ ಯುರೋಪ್: ಅರಸ, ಧರ್ಮ, ಸಮಾಜ’ ಎಂಬುದು ಎಲ್ಲರಿಗೂ ಸಾಮಾನ್ಯ ಶೀರ್ಷಿಕೆ. ದೇಶಗಳನ್ನು ಚೀಟಿ ಹಾಕಿ ಹಂಚಿದರು. ಗೆಳತಿಯರಿಗೆ ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್ ಬಂದವು. ನನಗೆ ರಷ್ಯಾ ಬಂತು.

ನನಗೆ ನಿಗದಿಯಾಗಿದ್ದುದು ಬೀದರ್‌ನ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ. ನಲವತ್ತಕ್ಕೂ ಹೆಚ್ಚು ಮಕ್ಕಳು. ಮನೆಯಲ್ಲಿ ಕನ್ನಡ, ದಖ್ಖನಿ, ಮರಾಠಿ, ತೆಲುಗು, ಪಂಜಾಬಿ ಮಾತಾಡುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ, ಬೌದ್ಧ, ಸಿಖ್ ಮನೆಗಳ ಮಕ್ಕಳಿದ್ದಾರೆ. ಇಂಥ ತರಗತಿಯಲ್ಲಿ ಧರ್ಮ ಮತ್ತು ಪ್ರಭುತ್ವದ ಪಾಠ ಮಾಡುವಾಗ ಶಿಕ್ಷಕರು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆ ಆ ಮೂರು ಅವಧಿಗಳಲ್ಲಿ ನನ್ನನ್ನು ಬಿಡದೆ ಕಾಡಿತು. ವಿಷಯಾಂಶವನ್ನೂ ತರಗತಿಯ ಅನುಭವವನ್ನೂ ಒಟ್ಟಿಗೇ ಇಲ್ಲಿ ಹೇಳುತ್ತೇನೆ, ಏಕೆಂದರೆ ಆ ಪ್ರಶ್ನೆ ಎದ್ದದ್ದು ವಿಷಯಾಂಶದೊಳಗಿಂದಲೇ.

ವಿಷಯಾಂಶದ ಆಯ್ಕೆ

ಮಕ್ಕಳಿಗೆ ಮತಸುಧಾರಣೆಯ ಪಾಠ ಆಗಿತ್ತು. 1517ರಲ್ಲಿ ಮಾರ್ಟಿನ್ ಲೂಥರ್ ಎದ್ದು ನಿಂತದ್ದು, ಪೋಪರ ಅಧಿಕಾರ ಪ್ರಶ್ನೆಗೊಳಗಾದದ್ದು ಅವರಿಗೆ ಗೊತ್ತು. ‘ಹಾಗಾದರೆ ರಷ್ಯಾದಲ್ಲಿ ಮತಸುಧಾರಣೆ ಆಯಿತೇ?’ ಎಂಬ ಒಂದೇ ಪ್ರಶ್ನೆಯ ಸುತ್ತ ಘಟಕವನ್ನು ಕಟ್ಟಿದೆ. ಉತ್ತರ ಸ್ವಾರಸ್ಯಕರವಾದುದು. ಪಶ್ಚಿಮ ಯುರೋಪಿನಲ್ಲಿ ಬದಲಾವಣೆ ಬೇಕೆಂದವರು ಬಂಡೆದ್ದರು. ರಷ್ಯಾದಲ್ಲಿ ಬದಲಾವಣೆ ತಂದವರು ಝಾರ್ ದೊರೆ ಮತ್ತು ಚರ್ಚಿನ ಮುಖ್ಯಸ್ಥರು. ‘ಹಳೆಯದನ್ನು ಬಿಡೆವು’ ಎಂದವರು ಬಂಡಾಯಗಾರರಾದರು.

ಅವಧಿಗಳನ್ನು ಹೀಗೆ ಹಂಚಿಕೊಂಡೆ. ಮೊದಲನೆಯದು, ಮೂರನೇ ಇವಾನನಿಂದ ನಾಲ್ಕನೇ ಇವಾನನವರೆಗೆ ಅರಸೊತ್ತಿಗೆಯೂ ಚರ್ಚೂ ಒಂದನ್ನೊಂದು ಬೆಳೆಸಿದ ಬಗೆ. ಎರಡನೆಯದು, 1653ರಿಂದ 1682ರವರೆಗಿನ ಒಡಕು. ಮೂರನೆಯದು, ಪೀಟರ್ ಮತ್ತು ಕ್ಯಾಥರೀನ್. ಪ್ರತಿ ಅವಧಿಯಲ್ಲೂ ಕಪ್ಪುಹಲಗೆಯ ಎಡಬದಿಯಲ್ಲಿ ಮೂರು ಪ್ರಶ್ನೆಗಳನ್ನು ಬರೆದಿಟ್ಟೆ: ಆಜ್ಞೆ ಯಾರದು? ಯಾಕಾಗಿ? ಅದರಿಂದ ಯಾರ ಬದುಕು ಬದಲಾಯಿತು?

ಮೊದಲ ಅವಧಿ: ಬೀದರಿಗೆ ಬಂದ ವ್ಯಾಪಾರಿ

ಪೀಠಿಕೆಗೆ ದೂರ ಹೋಗಬೇಕಾಗಲಿಲ್ಲ. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿ ಬೀದರಿಗೆ ಬಂದಿದ್ದ. ವೋಲ್ಗಾ ನದಿಯ ದಂಡೆಯ ತ್ವೇರ್ ಅವನ ಊರು. ಕುದುರೆ ಮಾರಲೆಂದು ಸಮುದ್ರ ದಾಟಿ ಬಂದವನು ಬಹಮನಿ ಸುಲ್ತಾನನ ಮೆರವಣಿಗೆ, ಮಾರುಕಟ್ಟೆ, ಜನರ ಊಟೋಪಚಾರ ಎಲ್ಲವನ್ನೂ ಬರೆದಿಟ್ಟ. ಅದು ಮಹಮೂದ್ ಗಾವಾನನ ಕಾಲ. ಮಕ್ಕಳಲ್ಲಿ ಹಲವರು ಗಾವಾನನ ಮದರಸಾದ ಮುಂದೆಯೇ ದಿನಾ ಶಾಲೆಗೆ ಬರುವವರು. ರಷ್ಯಾ ಎಂಬ ಹೆಸರು ಒಮ್ಮೆಲೇ ಹತ್ತಿರವಾಯಿತು.

ನಿಕಿತಿನ್‌ನ ಬರಹದಲ್ಲಿ ನನಗೆ ಬೇಕಾಗಿದ್ದುದು ಮೆರವಣಿಗೆಯ ವರ್ಣನೆಗಿಂತ ಅವನ ಒಂದು ಚಿಂತೆ. ವೋಲ್ಗಾ ನದಿ ಸಮುದ್ರ ಸೇರುವ ಕಡೆ ದರೋಡೆಯಾಗಿ ಅವನ ಧರ್ಮಪುಸ್ತಕಗಳು ಹೋಗಿಬಿಟ್ಟಿದ್ದವು. ಪುಸ್ತಕವಿಲ್ಲದೆ ಈಸ್ಟರ್ ಯಾವ ದಿನ, ಉಪವಾಸ ಯಾವಾಗ ಆರಂಭ ಎಂದು ಲೆಕ್ಕಹಾಕಲು ಆಗುತ್ತಿರಲಿಲ್ಲ. ಹಬ್ಬ ತಪ್ಪಿಹೋಗುತ್ತಿದೆ ಎಂದು ಅವನು ಮತ್ತೆ ಮತ್ತೆ ಹಲುಬುತ್ತಾನೆ. ಆ ಕಾಲದ ರಷ್ಯನ್ನನಿಗೆ ಧರ್ಮವೆಂದರೆ ಮನಸ್ಸಿನೊಳಗಿನ ನಂಬಿಕೆ ಮಾತ್ರ ಆಗಿರಲಿಲ್ಲ. ಯಾವ ದಿನ ಏನು ಉಣ್ಣಬೇಕು, ಹೇಗೆ ಎರಗಬೇಕು, ಯಾವ ಮಾತನ್ನು ಎಷ್ಟು ಸಲ ಹೇಳಬೇಕು ಎಂಬ ಕ್ರಮವೇ ಧರ್ಮ. ಎರಡನೇ ಅವಧಿಯ ಕಥೆ ಅರ್ಥವಾಗಬೇಕಾದರೆ ಇದು ಮೊದಲು ತಿಳಿದಿರಬೇಕಿತ್ತು.

ನಂತರ ನಕ್ಷೆಗೆ ಬಂದೆವು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದದ್ದು ಮಕ್ಕಳಿಗೆ ಪಠ್ಯಪುಸ್ತಕದಿಂದ ಗೊತ್ತು. ಆ ಘಟನೆಯನ್ನು ನಾವು ಯಾವಾಗಲೂ ಪಶ್ಚಿಮದ ಕಡೆಯಿಂದ, ಹೊಸ ಜಲಮಾರ್ಗಗಳ ಕಾರಣವೆಂದು ನೋಡುತ್ತೇವೆ. ಮಾಸ್ಕೋದಿಂದ ನೋಡಿದರೆ ಅದು ಬೇರೆಯೇ ಸುದ್ದಿ. ರಷ್ಯಾಕ್ಕೆ ಕ್ರೈಸ್ತ ಧರ್ಮ ಬಂದದ್ದು ಆ ನಗರದಿಂದ. ಈಗ ಆರ್ಥೊಡಾಕ್ಸ್ ಧರ್ಮವನ್ನು ಕಾಯುವ ಸ್ವತಂತ್ರ ಅರಸ ಯಾರು ಉಳಿದ? ಮೂರನೇ ಇವಾನ್ 1472ರಲ್ಲಿ ಬೈಜಾಂಟೈನ್ ರಾಜವಂಶದ ಸೋಫಿಯಾಳನ್ನು ಮದುವೆಯಾದ. 1480ರಲ್ಲಿ ಉಗ್ರಾ ನದಿಯ ದಂಡೆಯಲ್ಲಿ ತಾತಾರರ ಸೈನ್ಯ ಯುದ್ಧವಿಲ್ಲದೆ ಹಿಂದೆ ಸರಿಯಿತು. ಮಾಸ್ಕೋ ಅವರ ಹಂಗಿನಿಂದ ಹೊರಬಂತು. 16ನೇ ಶತಮಾನದ ಆರಂಭದಲ್ಲಿ ಪ್ಸ್ಕೋವ್‌ನ ಫಿಲೊಫೇಯ್ ಎಂಬ ಸನ್ಯಾಸಿ ಮಾಸ್ಕೋವನ್ನು ಮೂರನೆಯ ರೋಮ್ ಎಂದು ಕರೆದ. 1547ರ ಜನವರಿಯಲ್ಲಿ ಹದಿನಾರು ವರ್ಷದ ನಾಲ್ಕನೇ ಇವಾನ್ ಝಾರ್ ಎಂಬ ಬಿರುದಿನಲ್ಲಿ ಪಟ್ಟಾಭಿಷಿಕ್ತನಾದ. 1589ರಲ್ಲಿ ಮಾಸ್ಕೋದ ಧರ್ಮಗುರುವಿಗೆ ಪೇಟ್ರಿಯಾರ್ಕ್ ಪದವಿ ದೊರೆಯಿತು.

ಚರ್ಚು ಅರಸನಿಗೆ ಮಹಿಮೆ ಕೊಟ್ಟಿತು, ಅರಸ ಚರ್ಚಿಗೆ ರಕ್ಷಣೆಯನ್ನೂ ಭೂಮಿಯನ್ನೂ ಕೊಟ್ಟ. ಈ ಕೊಡುಕೊಳ್ಳುವಿಕೆಯಲ್ಲಿ ರೈತ ಎಲ್ಲಿದ್ದ? 1497ರ ಕಾನೂನು ಸಂಹಿತೆ ರೈತ ಒಬ್ಬ ಜಮೀನುದಾರನನ್ನು ಬಿಟ್ಟು ಇನ್ನೊಬ್ಬನ ಕಡೆಗೆ ಹೋಗಲು ವರ್ಷದಲ್ಲಿ ಎರಡೇ ವಾರ ಅವಕಾಶ ಕೊಟ್ಟಿತು: ನವೆಂಬರ್ 26ರ ಸಂತ ಜಾರ್ಜ್ ಹಬ್ಬದ ಹಿಂದಿನ ಒಂದು ವಾರ, ಮುಂದಿನ ಒಂದು ವಾರ. 1649ರ ಸಂಹಿತೆ ಆ ಬಾಗಿಲನ್ನೂ ಮುಚ್ಚಿ ರೈತನನ್ನು ಪೂರ್ತಿ ಜೀತಕ್ಕೆ ಕಟ್ಟಿಹಾಕಿತು. ಮಠಗಳೂ ದೊಡ್ಡ ಜಮೀನುದಾರರೇ ಆಗಿದ್ದವು.

ಆ ದಿನದ ಕೊನೆಯ ಹತ್ತು ನಿಮಿಷ ಫಿಲಿಪ್‌ಗೆ ಮೀಸಲು. ನಾಲ್ಕನೇ ಇವಾನ್ 1565ರಲ್ಲಿ ‘ಓಪ್ರಿಚ್ನಿನಾ’ ಎಂಬ ಪ್ರತ್ಯೇಕ ಆಡಳಿತ ಪ್ರದೇಶವನ್ನೂ ತನಗೆ ಮಾತ್ರ ನಿಷ್ಠರಾದ ಪಡೆಯನ್ನೂ ಕಟ್ಟಿಕೊಂಡು ಸಾಮಂತರ ಮೇಲೆ, ಸಾಮಾನ್ಯರ ಮೇಲೆ ಭಯದ ಆಳ್ವಿಕೆ ನಡೆಸಿದ. ಮಾಸ್ಕೋದ ಮೆಟ್ರೊಪಾಲಿಟನ್, ಅಂದರೆ ಆಗಿನ ಚರ್ಚಿನ ಮುಖ್ಯಸ್ಥ ಫಿಲಿಪ್ 1568ರಲ್ಲಿ ಪ್ರಧಾನ ಚರ್ಚಿನಲ್ಲಿ ಎಲ್ಲರೆದುರು ಝಾರ್‌ಗೆ ಆಶೀರ್ವಾದ ಕೊಡಲು ಒಪ್ಪಲಿಲ್ಲ. ಅವನನ್ನು ಪದವಿಯಿಂದ ಕೆಳಗಿಳಿಸಿ ತ್ವೇರ್‌ನ ಒಂದು ಮಠದಲ್ಲಿ ಇರಿಸಿದರು. 1569ರಲ್ಲಿ ಅಲ್ಲಿಯೇ ಕೊಲ್ಲಲಾಯಿತು. ನಿಕಿತಿನ್‌ನ ಊರು ಅದೇ ತ್ವೇರ್ ಎಂದು ಮಕ್ಕಳೇ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದರು. ‘ಅರಸನನ್ನು ಪವಿತ್ರಗೊಳಿಸಿದ ಚರ್ಚು ಅವನನ್ನು ತಡೆಯಬಲ್ಲದೇ?’ ಎಂಬ ಪ್ರಶ್ನೆಯನ್ನು ಮನೆಗೆ ಕಳಿಸಿದೆ.

ಎರಡನೇ ಅವಧಿ: ಒಡಕು

ಎರಡನೇ ಅವಧಿಗೆ ಎರಡು ಕೈಗಳ ಚಿತ್ರಪಟ ಬರೆದಿದ್ದೆ. ಒಂದರಲ್ಲಿ ತೋರುಬೆರಳು ಮತ್ತು ನಡುಬೆರಳು ಚಾಚಿವೆ, ಉಳಿದ ಮೂರು ಕೂಡಿವೆ. ಇನ್ನೊಂದರಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಕೂಡಿವೆ, ಉಳಿದ ಎರಡು ಮಡಚಿವೆ. ಶಿಲುಬೆಯ ಗುರುತು ಹಾಕಿಕೊಳ್ಳುವ ಎರಡು ಕ್ರಮಗಳಿವು. ಮಕ್ಕಳಿಂದ ಅದನ್ನು ಮಾಡಿಸಿದರೆ ಪಾಠ ಇನ್ನಷ್ಟು ಚಟುವಟಿಕೆಯುಕ್ತವಾಗುತ್ತಿತ್ತು ಎಂದು ಒಬ್ಬ ಸಹಪಾಠಿ ಹೇಳಿದಳು. ಯಾರದೋ ಪ್ರಾರ್ಥನೆಯ ಕ್ರಮವನ್ನು ತರಗತಿಯ ಆಟವಾಗಿ ಮಾಡಿಸುವುದು ನನಗೆ ಸರಿ ಕಾಣಲಿಲ್ಲ. ಚಿತ್ರ ಸಾಕು ಎಂದು ಮೊದಲೇ ನಿರ್ಧರಿಸಿದ್ದೆ.

1652ರಲ್ಲಿ ನಿಕೊನ್ ಪೇಟ್ರಿಯಾರ್ಕ್ ಆದ. ಅದೇ ವರ್ಷ ಅವನು ಝಾರ್ ಅಲೆಕ್ಸೇಯ್‌ನ ಆಜ್ಞೆಯಂತೆ ಉತ್ತರದ ಸೊಲೊವೆತ್ಸ್ಕಿ ಮಠಕ್ಕೆ ಹೋಗಿ, ಕೊಲೆಯಾದ ಫಿಲಿಪ್‌ನ ಅವಶೇಷಗಳನ್ನು ಮಾಸ್ಕೋಗೆ ತಂದಿದ್ದ. ತನ್ನ ಪೂರ್ವಜ ದೊರೆಯ ಪಾಪಕ್ಕೆ ಕ್ಷಮೆ ಕೇಳಿ ಅಲೆಕ್ಸೇಯ್ ಸಂತನ ಹೆಸರಿಗೆ ಪತ್ರವನ್ನೂ ಕಳಿಸಿದ್ದ. ಹಿಂದಿನ ದಿನದ ಪ್ರಶ್ನೆಗೆ ಇದು ಅರ್ಧ ಉತ್ತರವಾಯಿತು. ಒಬ್ಬ ಹುಡುಗ, ‘ಸತ್ತ ಮ್ಯಾಲೆ ಕ್ಷಮಾ ಕೇಳಿದ್ರ ಏನ್ ಉಪಯೋಗ್ರಿ ಟೀಚರ್?’ ಎಂದ. ಆ ಕ್ಷಮೆಯಿಂದ ನಿಕೊನ್‌ಗೆ ಏನು ಧೈರ್ಯ ಬಂದಿರಬಹುದು ಯೋಚಿಸು ಎಂದೆ. ಚರ್ಚಿನ ಅಧಿಕಾರ ಅರಸನ ಅಧಿಕಾರಕ್ಕಿಂತ ಮೇಲು ಎಂಬ ನಿಲುವಿಗೆ ನಿಕೊನ್ ಬಂದದ್ದನ್ನು ಮುಂದೆ ನೋಡುತ್ತೇವೆ.

1653ರಿಂದ ನಿಕೊನ್ ಆಚರಣೆಗಳನ್ನು ಗ್ರೀಕ್ ಚರ್ಚಿನ ಕ್ರಮಕ್ಕೆ ಹೊಂದಿಸತೊಡಗಿದ. ಎರಡು ಬೆರಳಿನ ಜಾಗದಲ್ಲಿ ಮೂರು ಬೆರಳು. ‘ಅಲ್ಲೆಲೂಯ’ ಎರಡು ಸಲ ಹೇಳುವ ಬದಲು ಮೂರು ಸಲ. ಯೇಸುವಿನ ಹೆಸರನ್ನು ‘ಇಸುಸ್’ ಎಂದು ಬರೆಯುತ್ತಿದ್ದುದು ‘ಇಇಸುಸ್’ ಆಯಿತು. ಚರ್ಚಿನ ಸುತ್ತ ಮೆರವಣಿಗೆ ಸೂರ್ಯ ಚಲಿಸುವ ದಿಕ್ಕಿಗೆ ವಿರುದ್ಧವಾಗಿ ಸಾಗಬೇಕಾಯಿತು. ಝಾರ್ ಇದನ್ನು ಬೆಂಬಲಿಸಲು ರಾಜಕೀಯ ಕಾರಣವೂ ಇತ್ತು. 1654ರಲ್ಲಿ ಉಕ್ರೇನಿನ ಕೊಸಾಕರು ಅವನ ಆಶ್ರಯಕ್ಕೆ ಬಂದರು. ಆರ್ಥೊಡಾಕ್ಸ್ ಜಗತ್ತಿಗೆಲ್ಲ ನಾಯಕನಾಗಬೇಕಾದವನ ಚರ್ಚು ಉಳಿದ ಆರ್ಥೊಡಾಕ್ಸ್ ಚರ್ಚುಗಳಂತೆಯೇ ಇರಬೇಕಿತ್ತು.

‘ಎರಡು ಬೆರಳು ಬಿಟ್ಟು ಮೂರು ಹಿಡಿದ್ರ ಏನ್ ಆಗ್ತದರಿ?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ತರಗತಿ ನಕ್ಕಿತು. ಈ ನಗು ಬರುತ್ತದೆಂದು ನನಗೆ ಗೊತ್ತಿತ್ತು, ಪಾಠ ಯೋಜನೆಯಲ್ಲಿ ಅದಕ್ಕೆ ಜಾಗವನ್ನೂ ಬಿಟ್ಟಿದ್ದೆ. ಉತ್ತರ ಹೇಳದೆ ಎರಡು ಸಂಗತಿಗಳನ್ನು ಹಲಗೆಯ ಮೇಲೆ ಬರೆದೆ.

ಮೊದಲನೆಯದು: ಎರಡೂ ಕಡೆಯವರು ನಂಬಿದ್ದು ಒಂದೇ. ಎರಡು ಬೆರಳಿನವರಿಗೆ ಚಾಚಿದ ಎರಡು ಕ್ರಿಸ್ತನ ದೈವತ್ವ ಮತ್ತು ಮಾನವತ್ವದ ಗುರುತು, ಕೂಡಿದ ಮೂರು ತ್ರಿತ್ವದ ಗುರುತು. ಮೂರು ಬೆರಳಿನವರಿಗೂ ಮೂರು ತ್ರಿತ್ವ, ಎರಡು ಕ್ರಿಸ್ತನ ಎರಡು ಸ್ವಭಾವ. ಎರಡನೆಯದು: 1551ರಲ್ಲಿ ನಾಲ್ಕನೇ ಇವಾನನ ಕಾಲದಲ್ಲಿ ಸೇರಿದ ‘ಸ್ಟೊಗ್ಲಾವ್’, ಅಂದರೆ ನೂರು ಅಧ್ಯಾಯಗಳ ಧರ್ಮಸಭೆ, ಎರಡು ಬೆರಳನ್ನು ಕಡ್ಡಾಯ ಮಾಡಿತ್ತು, ಹಾಗೆ ಮಾಡದವರಿಗೆ ಶಾಪ ಹಾಕಿತ್ತು. 1666–67ರ ಧರ್ಮಸಭೆ ಎರಡು ಬೆರಳನ್ನು ಬಿಡದವರಿಗೆ ಶಾಪ ಹಾಕಿತು. ಅಜ್ಜನಿಗೆ ಪುಣ್ಯವಾಗಿದ್ದುದು ಮೊಮ್ಮಗನಿಗೆ ಅಪರಾಧವಾಯಿತು.

ಈ ಎರಡನೇ ಸಾಲು ಬರೆದ ಮೇಲೆ ನಗು ತಾನಾಗಿ ತಗ್ಗಿತು. ಹೊಸ ಕ್ರಮವೇ ಸರಿಯಾದರೆ, ಹಳೆಯ ಕ್ರಮದಲ್ಲಿ ಪ್ರಾರ್ಥಿಸಿ ಸತ್ತ ತಾಯ್ತಂದೆ, ಸಂತರು ಎಲ್ಲ ಏನಾದರು? ಆ ಕಾಲದ ರೈತನೊಬ್ಬ ಕೇಳಿಕೊಂಡಿರಬಹುದಾದ ಪ್ರಶ್ನೆ ಇದು. ಮಕ್ಕಳು ಅದನ್ನು ನಾನು ಹೇಳುವ ಮೊದಲೇ ಕೇಳಿದರು.

ಆ ಧರ್ಮಸಭೆಯ ಇನ್ನೊಂದು ತೀರ್ಮಾನ ಅವರನ್ನು ಗೊಂದಲಕ್ಕೆ ಕೆಡವಿತು. ಝಾರ್‌ನೊಂದಿಗೆ ವಿರಸವಾಗಿ ನಿಕೊನ್ 1658ರಲ್ಲಿಯೇ ಮಾಸ್ಕೋ ಬಿಟ್ಟು ಹೋಗಿದ್ದ. ಸಭೆ ಅವನನ್ನು ಪದವಿಯಿಂದ ತೆಗೆದುಹಾಕಿತು, ಆದರೆ ಅವನ ಸುಧಾರಣೆಗಳನ್ನು ಉಳಿಸಿಕೊಂಡಿತು. ಜಗಳ ಬೆರಳಿನದಷ್ಟೇ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಹಲಗೆಯ ಮೊದಲ ಪ್ರಶ್ನೆಯ ಎದುರು, ಆಜ್ಞೆ ಯಾರದು ಎಂಬಲ್ಲಿ, ಒಬ್ಬ ಹುಡುಗಿ ‘ನಿಕೊನ್’ ಎಂಬುದನ್ನು ಅಳಿಸಿ ‘ಝಾರ್’ ಎಂದು ಬರೆದಳು. ಆ ಅವಧಿಯ ಕಲಿಕಾಫಲ ಅಲ್ಲಿಯೇ ಸಾಧಿಸಿತು ಎಂದು ನನ್ನ ಭಾವನೆ.

ಹಳೆಯ ಕ್ರಮ ಬಿಡದವರ ಗತಿಯನ್ನು ವಿವರಿಸಲು ಚಿತ್ರವೊಂದನ್ನು ಬಳಸಿದೆ. ವಾಸಿಲಿ ಸೂರಿಕೋವ್ 1887ರಲ್ಲಿ ಮುಗಿಸಿದ ‘ಬೊಯಾರಿನಾ ಮೊರೊಜೊವಾ’ ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರಿಯಲ್ಲಿದೆ. ಫಿಯೊದೊಸಿಯಾ ಮೊರೊಜೊವಾ ರಷ್ಯಾದ ಅತಿ ಶ್ರೀಮಂತ ಮನೆತನದ ವಿಧವೆ. 1671ರಲ್ಲಿ ಬಂಧಿತಳಾಗಿ 1675ರಲ್ಲಿ ಬೊರೊವ್ಸ್ಕ್‌ನ ನೆಲಗುಂಡಿಯಲ್ಲಿ ಹಸಿವಿನಿಂದ ಸತ್ತವಳು. ಚಿತ್ರದಲ್ಲಿ ಅವಳನ್ನು ಹಿಮದ ಬೀದಿಯಲ್ಲಿ ಜಾರುಬಂಡಿಯ ಮೇಲೆ ಸಂಕೋಲೆ ಹಾಕಿ ಒಯ್ಯುತ್ತಿದ್ದಾರೆ. ಅವಳು ಎರಡು ಬೆರಳು ಎತ್ತಿ ಹಿಡಿದಿದ್ದಾಳೆ.

ಕಲರ್ ಪ್ರಿಂಟನ್ನು ಗುಂಪಿಗೊಂದರಂತೆ ಕೊಟ್ಟು ಐದು ನಿಮಿಷ ಸುಮ್ಮನೆ ನೋಡಲು ಹೇಳಿದೆ. ನಂತರ ಕೇಳಿದ್ದು ಒಂದೇ ಪ್ರಶ್ನೆ: ಬೀದಿಯಲ್ಲಿರುವ ಜನ ಏನು ಮಾಡುತ್ತಿದ್ದಾರೆ? ಎಡಗಡೆ ಪಾದ್ರಿಯೊಬ್ಬ ಹಲ್ಲು ಬಿಟ್ಟು ನಗುತ್ತಿದ್ದಾನೆ. ಬಲಗಡೆ ಹೆಂಗಸರು ತಲೆ ತಗ್ಗಿಸಿದ್ದಾರೆ. ಬರಿಗಾಲಿನ ಭಿಕ್ಷುಕನೊಬ್ಬ ಹಿಮದಲ್ಲಿ ಕುಳಿತು ಅವಳಿಗೆ ಎರಡು ಬೆರಳು ತೋರಿಸುತ್ತಿದ್ದಾನೆ. ಬಂಡಿಯ ಹಿಂದೆ ಒಬ್ಬ ಹುಡುಗ ಓಡುತ್ತಿದ್ದಾನೆ. ಶ್ರೀಮಂತಳ ಜೊತೆ ಭಿಕ್ಷುಕ ಏಕೆ ನಿಂತ ಎಂಬ ಚರ್ಚೆ ಮಕ್ಕಳಲ್ಲೇ ಹುಟ್ಟಿತು. ಓಡುವ ಹುಡುಗ ಯಾರ ಕಡೆಯವನು ಎಂದು ಒಂದು ಗುಂಪು ಕೊನೆಯವರೆಗೂ ಜಗಳಾಡಿತು. ಅದಕ್ಕೆ ಉತ್ತರವಿಲ್ಲ ಎಂದು ನಾನೂ ಹೇಳಿದೆ.

ಉಳಿದ ಸಂಗತಿಗಳನ್ನು ವೇಗವಾಗಿ ಮುಗಿಸಿದೆ. ಫಿಲಿಪ್ ಒಂದು ಕಾಲದಲ್ಲಿ ಮಠಾಧಿಪತಿಯಾಗಿದ್ದ ಸೊಲೊವೆತ್ಸ್ಕಿ ಮಠ ಹೊಸ ಪುಸ್ತಕಗಳನ್ನು ಒಪ್ಪದೆ 1668ರಿಂದ 1676ರವರೆಗೆ ಝಾರ್‌ನ ಸೈನ್ಯದ ಮುತ್ತಿಗೆಯನ್ನು ತಡೆದು ನಿಂತಿತು. ಪಾದ್ರಿ ಅವ್ವಾಕುಮ್‌ನನ್ನು ಆರ್ಕ್‌ಟಿಕ್ ಸಮೀಪದ ಪುಸ್ತೊಜೆರ್ಸ್ಕ್‌ನಲ್ಲಿ ನೆಲದೊಳಗಿನ ಸೆರೆಯಲ್ಲಿಟ್ಟರು. ಅಲ್ಲಿ ಅವನು ಆಡುಮಾತಿನಲ್ಲಿ ತನ್ನ ಆತ್ಮಚರಿತ್ರೆ ಬರೆದ. 1682ರಲ್ಲಿ ಅವನನ್ನು ಸುಟ್ಟರು. ಸಾವಿರಾರು ಜನ ಸೈನ್ಯದ ಕೈಗೆ ಸಿಗುವುದಕ್ಕಿಂತ ಸಾವೇ ಲೇಸೆಂದು ಬೆಂಕಿಗೆ ಬಿದ್ದರು. ಈ ಕೊನೆಯ ಮಾತನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದೆ. ಹದಿನಾಲ್ಕು ವರ್ಷದ ಮಕ್ಕಳೆದುರು ಮುಚ್ಚಿಡಲೂ ಬಾರದು, ಬಣ್ಣಿಸಲೂ ಬಾರದು.

ಮೂರನೇ ಅವಧಿ: ಗಡ್ಡದ ನಾಣ್ಯ

ಎರಡನೇ ಅವಧಿಯ ನಂತರ ಶಾಲೆಯ ಮಾರ್ಗದರ್ಶಿ ಶಿಕ್ಷಕರು ನನ್ನನ್ನು ಸಿಬ್ಬಂದಿ ಕೊಠಡಿಯಲ್ಲಿ ಕೂರಿಸಿಕೊಂಡು ಹೇಳಿದರು: ‘ಮೇಡಂ, ಪಾಠ ಚೊಲೊ ಅದ. ಆದ್ರ ಧರ್ಮದ್ದು ಮಾತು. ನಾಳೆ ಗಡ್ಡದ್ದು ಅಂತೀರಿ. ಮಕ್ಕಳು ಮನಿಗಿ ಹೋಗಿ ಏನ್ ಹೇಳ್ತಾರ ಅನ್ನೋದು ಸೈತ ನೋಡ್ಕೋಬೇಕ್ರಿ.’ ಅವರು ಹೆದರಿಸಲು ಹೇಳಿದ್ದಲ್ಲ. ಇಪ್ಪತ್ತು ವರ್ಷಕ್ಕೂ ಮಿಗಿಲಾದ ಅನುಭವ ಅವರದು. ನಾಲ್ಕು ವಾರಕ್ಕೆ ನಾನು ಹೊರಟುಹೋಗುತ್ತೇನೆ, ತರಗತಿ ಅವರ ಕೈಗೇ ಮರಳುತ್ತದೆ. ನಾವಿಬ್ಬರೂ ಸೇರಿ ಒಂದು ನಿಯಮ ಮಾಡಿಕೊಂಡೆವು. ಈ ಅವಧಿಯಲ್ಲಿ ಎಲ್ಲರೂ ರಷ್ಯಾದಲ್ಲೇ ಇರಬೇಕು. ಯಾರಾದರೂ ತಮ್ಮ ಮನೆಯ ಮಾತು ಹೇಳಿದರೆ ಕೇಳೋಣ, ಆದರೆ ಯಾರೂ ಇನ್ನೊಬ್ಬರ ಮನೆಯ ಮಾತು ಎತ್ತುವಂತಿಲ್ಲ.

ಪೀಟರ್ ದೊರೆ 1698ರಲ್ಲಿ ಪಶ್ಚಿಮ ಯುರೋಪಿನಿಂದ ಮರಳಿ ಬಂದವನೇ ಸಾಮಂತರ ಗಡ್ಡವನ್ನು ತನ್ನ ಕೈಯಾರೆ ಕತ್ತರಿಸಿದ. 1705ರಲ್ಲಿ ಗಡ್ಡಕ್ಕೆ ತೆರಿಗೆ ಬಂತು. ದೊಡ್ಡ ವ್ಯಾಪಾರಿಗಳಿಗೆ ವರ್ಷಕ್ಕೆ 100 ರೂಬಲ್, ಆಸ್ಥಾನಿಕರು ಮತ್ತು ಅಧಿಕಾರಿಗಳಿಗೆ 60, ಪೇಟೆಯ ಕೆಳಸ್ತರದವರಿಗೆ 30. ಹಳ್ಳಿಯ ರೈತ ತನ್ನ ಊರಿನಲ್ಲಿ ಗಡ್ಡ ಬಿಡಬಹುದು, ಪಟ್ಟಣದ ಬಾಗಿಲು ದಾಟುವಾಗ ಪ್ರತಿ ಸಲ 1 ಕೊಪೆಕ್ ಕೊಡಬೇಕು. ಪಾದ್ರಿಗಳಿಗೆ ವಿನಾಯಿತಿ. ತೆರಿಗೆ ಕಟ್ಟಿದವರಿಗೆ ಒಂದು ಬಿಲ್ಲೆ ಕೊಡುತ್ತಿದ್ದರು. ಅದರ ಮೇಲೆ ಮೂಗು, ಮೀಸೆ, ಗಡ್ಡದ ಚಿತ್ರ ಮತ್ತು ಹಣ ಸಂದಾಯವಾಗಿದೆ ಎಂಬ ಅಕ್ಷರ. ಗಡ್ಡ ಬೋಳಿಸುವುದನ್ನು ಅದೇ 1551ರ ಧರ್ಮಸಭೆ ಖಂಡಿಸಿತ್ತು ಎಂದು ನೆನಪಿಸಿದೆ. ಹಳೆ ವಿಶ್ವಾಸಿಗಳ ಮೇಲೆ 1716ರಲ್ಲಿ ಇಮ್ಮಡಿ ತೆರಿಗೆಯೂ ಬಂತು.

ಮನೆಯ ಮಾತು ಬಂದೇ ಬಂತು. ‘ನಮ್ಮ ತಾತಾಗೆ ಗಡ್ಡ ತೆಗಿ ಅಂದ್ರ ಊಟಾನೇ ಬಿಡ್ತಾರ್ರಿ’ ಎಂದು ಒಬ್ಬ ಹೇಳಿದ. ಅವನ ಪಕ್ಕದಲ್ಲಿದ್ದ, ಬೇರೆ ಧರ್ಮದ ಹುಡುಗ, ‘ನಮ್ಮಪ್ಪನೂ ಹಂಗೇ’ ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರ್ಗದರ್ಶಿ ಶಿಕ್ಷಕರು ಹಿಂದಿನ ಸಾಲಿನಿಂದ ತಲೆ ಎತ್ತಿದರು. ಯಾರೂ ನಗಲಿಲ್ಲ. ನಾನು ಹಲಗೆಯ ಎರಡನೇ ಪ್ರಶ್ನೆಗೆ ಕೈ ತೋರಿಸಿದೆ: ಯಾಕಾಗಿ?

ಇಲ್ಲಿ ಪೀಟರ್‌ನ ಪರವಾಗಿ ಹೇಳಬೇಕಾದದ್ದನ್ನೂ ಮಕ್ಕಳಿಂದಲೇ ಹೇಳಿಸಿದೆ. ಅವನು ನೌಕಾಪಡೆ ಕಟ್ಟಿದ. 1722ರಲ್ಲಿ 14 ದರ್ಜೆಗಳ ಪಟ್ಟಿ ತಂದು, ಹುಟ್ಟಿಗಿಂತ ಸೇವೆಯಿಂದ ಮೇಲೇರುವ ದಾರಿ ತೆರೆದ. ಹೊಸ ಪ್ರಜೆ ನೋಡಲೂ ಹೊಸಬನಾಗಿರಬೇಕೆಂಬುದು ಅವನ ಲೆಕ್ಕ. ‘ತೆರಿಗಿ ಕಟ್ಟಿದ್ರ ಗಡ್ಡ ಇಡಬಹುದಿತ್ತಲ್ಲ, ಬಲವಂತ ಎಲ್ಲಿ ಬಂತು?’ ಎಂದು ಒಬ್ಬ ವಾದಿಸಿದ. ಅದಕ್ಕೆ ಮುಂದಿನ ಬೆಂಚಿನ ಹುಡುಗಿ ಕೊಟ್ಟ ಉತ್ತರವನ್ನು ನನ್ನ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ: ‘ರೊಕ್ಕ ಇದ್ದೋರಿಗೆ ಗಡ್ಡ, ಇಲ್ದೋರಿಗೆ ಕತ್ತರಿ. ಹೌದಲ್ರಿ ಟೀಚರ್?’

ಗಡ್ಡದ ಕಥೆ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ, ಆದರೆ ಪೀಟರ್ ಚರ್ಚಿಗೆ ಮಾಡಿದ ದೊಡ್ಡ ಬದಲಾವಣೆ ಅದಲ್ಲ. 1700ರಲ್ಲಿ ಪೇಟ್ರಿಯಾರ್ಕ್ ಆದ್ರಿಯಾನ್ ತೀರಿಕೊಂಡಾಗ ಅವನ ಜಾಗಕ್ಕೆ ಯಾರನ್ನೂ ಆರಿಸಲು ದೊರೆ ಬಿಡಲಿಲ್ಲ. 1721ರಲ್ಲಿ ಆ ಪದವಿಯನ್ನೇ ತೆಗೆದು ‘ಪವಿತ್ರ ಸಿನಡ್’ ಎಂಬ ಮಂಡಳಿ ಮಾಡಿದ. ಮರುವರ್ಷ ಅದರ ಮೇಲ್ವಿಚಾರಣೆಗೆ ಪಾದ್ರಿಯಲ್ಲದ ಅಧಿಕಾರಿಯನ್ನು ನೇಮಿಸಿದ. ಪಾಪನಿವೇದನೆಯಲ್ಲಿ ಯಾರಾದರೂ ರಾಜದ್ರೋಹದ ಉದ್ದೇಶ ಹೇಳಿಕೊಂಡರೆ ಪಾದ್ರಿ ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಆಜ್ಞೆಯೂ 1722ರಲ್ಲಿಯೇ ಬಂತು. ಫಿಲಿಪ್‌ನಂಥವನು ಮತ್ತೆ ಎದ್ದು ನಿಲ್ಲಲು ಜಾಗವೇ ಉಳಿಯಲಿಲ್ಲ. ಪೇಟ್ರಿಯಾರ್ಕ್ ಪದವಿ ಮರಳಿ ಬಂದದ್ದು 1917ರಲ್ಲಿ, ಝಾರ್ ಆಳ್ವಿಕೆ ಮುಗಿದ ಮೇಲೆ.

ಕ್ಯಾಥರೀನ್‌ಳನ್ನು ಎರಡು ಕಂಬಸಾಲಿನ ಪಟ್ಟಿಯಲ್ಲಿ ಮುಗಿಸಿದೆ. ಒಂದು ಕಡೆ: 1773ರಲ್ಲಿ ಎಲ್ಲ ಧರ್ಮಗಳ ಸಹಿಷ್ಣುತೆಯ ಆಜ್ಞೆ, 1782ರಲ್ಲಿ ಹಳೆ ವಿಶ್ವಾಸಿಗಳ ಇಮ್ಮಡಿ ತೆರಿಗೆ ರದ್ದು, 1788ರಲ್ಲಿ ಮುಸ್ಲಿಮರಿಗಾಗಿ ಧಾರ್ಮಿಕ ಮಂಡಳಿ. ಇನ್ನೊಂದು ಕಡೆ: 1764ರಲ್ಲಿ ಮಠಗಳ ಜಮೀನು ಸರ್ಕಾರದ ವಶ, 1767ರಲ್ಲಿ ಜೀತ ರೈತರು ಒಡೆಯನ ಮೇಲೆ ದೊರೆಗೆ ದೂರು ಕೊಡುವುದಕ್ಕೆ ನಿಷೇಧ. 1773ರಲ್ಲಿ ಬಂಡೆದ್ದ ಪುಗಚೋವ್ ರೈತರಿಗೆ ಭೂಮಿ ಮತ್ತು ಸ್ವಾತಂತ್ರ್ಯದ ಜೊತೆಗೆ ಗಡ್ಡವನ್ನೂ ಹಳೆಯ ಶಿಲುಬೆಯನ್ನೂ ಭರವಸೆಯಾಗಿ ಕೊಟ್ಟ. ಪ್ರಾರ್ಥಿಸುವ ಸ್ವಾತಂತ್ರ್ಯ ಬಂದರೂ ಊರು ಬಿಟ್ಟು ಹೋಗುವ ಸ್ವಾತಂತ್ರ್ಯ ಬರಲಿಲ್ಲ ಎಂದು ಮಕ್ಕಳು ಸಾರಾಂಶ ಬರೆದರು.

‘ಯಾರು ಸರಿ ಟೀಚರ್?’

ಮೂರನೇ ಅವಧಿಯ ಕೊನೆಗೆ ಬಂದ ಈ ಪ್ರಶ್ನೆ ನಮ್ಮ ಕಾಲೇಜಿನ ಚರ್ಚಾ ಸಭೆಯಲ್ಲೂ ಬಹಳ ಹೊತ್ತು ನಡೆಯಿತು. ನಾನು ಅದನ್ನು ಮೂರಾಗಿ ಒಡೆದೆ.

ಎರಡು ಬೆರಳು ಹಳೆಯದೋ ಮೂರು ಬೆರಳು ಹಳೆಯದೋ ಎಂಬುದು ಇತಿಹಾಸದ ಪ್ರಶ್ನೆ. ಅದಕ್ಕೆ ಆಧಾರ ಹುಡುಕಬಹುದು. 19ನೇ ಶತಮಾನದ ಕೊನೆಯಲ್ಲಿ ರಷ್ಯಾದ ಚರ್ಚ್ ಇತಿಹಾಸಕಾರರೇ, ಕಾಪ್ತೆರೇವ್ ಮತ್ತು ಗೊಲುಬಿನ್ಸ್ಕಿ, ಎರಡು ಬೆರಳಿನ ಕ್ರಮ ಬೈಜಾಂಟೈನ್ ಮೂಲದ್ದೇ, ಗ್ರೀಕರೇ ನಂತರ ಅದನ್ನು ಬದಲಿಸಿಕೊಂಡರು ಎಂದು ತೋರಿಸಿದರು. 1971ರಲ್ಲಿ ರಷ್ಯನ್ ಚರ್ಚು ಹಳೆ ಆಚರಣೆಯ ಮೇಲಿನ ಶಾಪವನ್ನು ಹಿಂತೆಗೆದುಕೊಂಡಿತು. ಇಷ್ಟನ್ನು ಶಿಕ್ಷಕರು ಹೇಳಬೇಕು.

ದೇವರಿಗೆ ಯಾವ ಕ್ರಮ ಇಷ್ಟ ಎಂಬುದು ನಂಬಿಕೆಯ ಪ್ರಶ್ನೆ. ಅದಕ್ಕೆ ತರಗತಿಯಲ್ಲಿ ಉತ್ತರ ಕೊಡುವ ಅಧಿಕಾರ ನನಗಿಲ್ಲ ಎಂದು ಮಕ್ಕಳಿಗೆ ನೇರವಾಗಿ ಹೇಳಿದೆ.

ಪ್ರಾರ್ಥನೆಯ ಕ್ರಮಕ್ಕಾಗಿ ಮನುಷ್ಯನನ್ನು ಸುಡುವುದು ಸರಿಯೇ ಎಂಬುದು ಮೂರನೇ ಪ್ರಶ್ನೆ. ಅದಕ್ಕೆ ‘ಇಲ್ಲ, ಸರಿಯಲ್ಲ’ ಎಂದೆ. ಆ ಕಾಲದ ಕಾನೂನಿನಲ್ಲಿ ಅದಕ್ಕೆ ಅವಕಾಶವಿತ್ತು, 1649ರ ಸಂಹಿತೆಯ ಮೊದಲ ಅಧ್ಯಾಯವೇ ದೈವನಿಂದೆಗೆ ಸುಡುವ ಶಿಕ್ಷೆ ಹೇಳುತ್ತದೆ ಎಂಬುದನ್ನೂ ತಿಳಿಸಿದೆ.

ನಮ್ಮ ವಿಧಾನ ಬೋಧಕರು ವೀಕ್ಷಣಾ ಪುಸ್ತಕದಲ್ಲಿ ಈ ಮೂರನೇ ಉತ್ತರದ ಪಕ್ಕ ಗೆರೆ ಎಳೆದು, ಮೌಲ್ಯನಿರ್ಣಯ ಮಕ್ಕಳಿಂದ ಬರಬೇಕು, ಶಿಕ್ಷಕರಿಂದ ಅಲ್ಲ ಎಂದು ಬರೆದರು. ರಚನಾವಾದಿ ತರಗತಿಯ ತತ್ವವಾಗಿ ಅವರ ಮಾತು ನನಗೆ ಒಪ್ಪಿಗೆ. ಆದರೂ ನನ್ನ ನಿಲುವು ಬೇರೆ. ನಂಬಿಕೆಗಳ ನಡುವೆ ಶಿಕ್ಷಕರು ತಟಸ್ಥರಾಗಿರಬೇಕು. ನಂಬಿದವನ ಜೀವದ ವಿಷಯದಲ್ಲಿ ತಟಸ್ಥರಾದರೆ, ‘ಅದಕ್ಕೂ ಎರಡು ಪಕ್ಷ ಉಂಟು’ ಎಂದು ಮಗು ತಿಳಿದುಕೊಂಡು ಮನೆಗೆ ಹೋಗುತ್ತದೆ. ಅದರಲ್ಲೂ ಬೇರೆಬೇರೆ ಧರ್ಮದ ಮಕ್ಕಳು ಅಕ್ಕಪಕ್ಕ ಕುಳಿತ ತರಗತಿಯಲ್ಲಿ, ತನ್ನ ಶಿಕ್ಷಕಿ ಈ ಒಂದು ವಿಷಯದಲ್ಲಿ ಎಲ್ಲಿ ನಿಂತಿದ್ದಾಳೆ ಎಂಬುದು ಪ್ರತಿ ಮಗುವಿಗೂ ಗೊತ್ತಿರಬೇಕು. ಬೋಧಕರು ಮತ್ತು ನಾನು ಇದನ್ನು ಇನ್ನೂ ಚರ್ಚಿಸುತ್ತಲೇ ಇದ್ದೇವೆ. ಓದುಗರೂ ತಮ್ಮ ಅಭಿಪ್ರಾಯ ಬರೆಯಬೇಕೆಂದು ಕೋರುತ್ತೇನೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಇಂಥ ಘಟಕ ಎತ್ತಿಕೊಳ್ಳುವವರಿಗೆ ನನ್ನ ಅನುಭವದಿಂದ ನಾಲ್ಕು ಮಾತು.

ಆಚರಣೆಯ ವಿವರ ಕೊಡುವ ಮೊದಲು ಅದು ಆ ಜನರಿಗೆ ಏನಾಗಿತ್ತು ಎಂದು ಕಟ್ಟಿಕೊಡಿ. ನಿಕಿತಿನ್‌ನ ಕಳೆದುಹೋದ ಪುಸ್ತಕ ಇಲ್ಲದಿದ್ದರೆ ಎರಡು ಬೆರಳು ಮಕ್ಕಳಿಗೆ ತಮಾಷೆಯಾಗಿಯೇ ಉಳಿಯುತ್ತಿತ್ತು.

ಇಸವಿಗಳನ್ನು ಜೋಡಿಯಾಗಿ ಕೊಡಿ. 1551ರ ಶಾಪ ಮತ್ತು 1667ರ ಶಾಪ ಪಕ್ಕಪಕ್ಕ ಬಂದಾಗ ಮಕ್ಕಳು ತಾವಾಗಿಯೇ ಯೋಚಿಸುತ್ತಾರೆ. ಒಂಟಿ ಇಸವಿಯನ್ನು ಬಾಯಿಪಾಠ ಮಾಡುತ್ತಾರೆ, ಅಷ್ಟೆ.

ಶಾಲೆಯ ಶಿಕ್ಷಕರೊಂದಿಗೆ ಮೊದಲೇ ಕುಳಿತು ಮಾತಾಡಿ. ಆ ಊರಿನ ಮನಸ್ಸು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಾವು ಮಾಡಿಕೊಂಡ ಆ ಒಂದು ನಿಯಮದಿಂದಲೇ ಮೂರನೇ ಅವಧಿ ಸುಸೂತ್ರವಾಗಿ ನಡೆಯಿತು.

ಮೌಲ್ಯಮಾಪನಕ್ಕೆ ಪಾತ್ರಗಳನ್ನು ಕೊಟ್ಟು ಬರೆಯಿಸಿ. 1667ರ ಹಳ್ಳಿಯ ಪಾದ್ರಿ, ಜೀತ ರೈತ, ಝಾರ್‌ನ ಗುಮಾಸ್ತ, ಮಠದ ಸನ್ಯಾಸಿ, ಈ ನಾಲ್ವರಲ್ಲಿ ಒಬ್ಬರಾಗಿ ಹತ್ತು ಸಾಲು ಬರೆಯಲು ಹೇಳಿದ್ದೆ. ಹೆಚ್ಚಿನವರು ರೈತನನ್ನೋ ಸನ್ಯಾಸಿಯನ್ನೋ ಆರಿಸಿಕೊಂಡರು. ಪಾದ್ರಿಯನ್ನು ಆರಿಸಿಕೊಂಡ ಒಬ್ಬ ಹುಡುಗ ಹೀಗೆ ಬರೆದಿದ್ದ: ಹೊಸ ಪುಸ್ತಕ ಬಂದಿದೆ, ಓದದಿದ್ದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಐದು ಮಕ್ಕಳಿದ್ದಾರೆ, ಆದ್ದರಿಂದ ಚರ್ಚಿನಲ್ಲಿ ಮೂರು ಬೆರಳು, ಮನೆಯಲ್ಲಿ ಎರಡು ಬೆರಳು. ಆ ಉತ್ತರಪತ್ರಿಕೆಗೆ ಪೂರ್ಣ ಅಂಕ ಕೊಟ್ಟಿದ್ದೇನೆ.